ಶಿಲ್ಪವನ್ನು ಅಳೆಯುವ ಕೋಲು

ವಾಸ್ತುವಿದ್ಯೆಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಓದಿದವರಿಗೆ ಬ್ಯಾನಿಸ್ಟರ್ ಫ್ಲೆಚರ್ ಎಂಬ ಹೆಸರು ಅಪರಿಚಿತವಾದುದಲ್ಲ. ತಂದೆಗೂ ಮಗನಿಗೂ ಇದೊಂದೇ ಹೆಸರು. ಇಬ್ಬರೂ ಕೂಡಿ ರಚಿಸಿದ ಗ್ರಂಥವು 1896ರಲ್ಲಿ ಮೊದಲು ಅಚ್ಚಾಗಿ, ಮುಂದೆ ಹಲವು ತಲೆಮಾರುಗಳ ವಿದ್ಯಾರ್ಥಿಗಳಿಗೆ ಪ್ರಮಾಣಗ್ರಂಥವಾಗಿ ನಿಂತಿತು. 1901ರ ಆವೃತ್ತಿಯಲ್ಲಿ ಅದನ್ನು ಎರಡು ಭಾಗವಾಗಿ ಒಡೆದರು. ಮೊದಲನೆಯದು ಚಾರಿತ್ರಿಕ ಶೈಲಿಗಳು; ಎರಡನೆಯದು ಚಾರಿತ್ರಿಕವಲ್ಲದ ಶೈಲಿಗಳು. ಗ್ರೀಸು, ರೋಮು, ಅವುಗಳ ಸಂತತಿಯಾದ ಯೂರೋಪಿನ ಕಟ್ಟಡಗಳೆಲ್ಲ ಮೊದಲನೆಯದಕ್ಕೆ ಸೇರಿದುವು. ಭಾರತ, ಚೀನ, ಜಪಾನು, ಮುಸಲ್ಮಾನರ ರಾಜ್ಯಗಳು ಎರಡನೆಯದಕ್ಕೆ ಬಿದ್ದುವು. ಕಾರಣವನ್ನೂ ಕೊಟ್ಟಿದ್ದಾರೆ: ಈ ದೇಶಗಳಲ್ಲಿ ಕಟ್ಟುವ ವಿಚಾರಕ್ಕಿಂತ ಅಲಂಕರಿಸುವ ವಿಚಾರವೇ ಮೇಲಾಯಿತಂತೆ. ಗ್ರಂಥದಲ್ಲಿ ವಾಸ್ತುಕಲೆಯನ್ನು ಒಂದು ಮಹಾವೃಕ್ಷದಂತೆ ಬರೆದ ಚಿತ್ರವೂ ಉಂಟು. ಕಾಂಡವೆಲ್ಲ ಯೂರೋಪು, ಭಾರತ, ಚೀನ ಮೊದಲಾದುವು ಪಕ್ಕದಲ್ಲಿ ಚಾಚಿ, ಚಿಗುರದೆ ನಿಂತುಹೋದ ಕೊಂಬೆಗಳು. ಈಜಿಪ್ಟನ್ನು ಬಿಟ್ಟರೆ ಆಫ್ರಿಕದ ಕರಿಯ ಜನಗಳಿಗೆ ಅಂಥದೊಂದು ಕೊಂಬೆಯೂ ದೊರೆತಿಲ್ಲ.

1961ರ ಆವೃತ್ತಿಯಲ್ಲಿ ಆ ಹೆಸರನ್ನು ಬಿಟ್ಟು, ಪೂರ್ವದೇಶಗಳ ವಾಸ್ತುಕಲೆ ಎಂದು ಬರೆದರು. ಹೆಸರೇನೋ ಹೋಯಿತು. ಆದರೆ ಅಳತೆಗೋಲು ಹೋಯಿತೆ ಎಂಬುದು ಬೇರೆ ಪ್ರಶ್ನೆ. ಏಷ್ಯ ಮತ್ತು ಆಫ್ರಿಕಗಳ ಸಾಂಪ್ರದಾಯಿಕ ಶಿಲ್ಪವನ್ನು ಪರಿಚಯಮಾಡಿಕೊಡುವೆವೆಂದು ಹೊರಡುವ ಪುಸ್ತಕಗಳು ಇಂದಿಗೂ ಬರುತ್ತಿವೆ. ಸುಶಿಕ್ಷಿತರ ಮನೆಗಳಲ್ಲಿ ಮಕ್ಕಳ ಕೈಗೂ ಸೇರುತ್ತಿವೆ. ಆದಕಾರಣ ಆ ಕೋಲು ಯಾರದು, ಎಲ್ಲಿ ಗುರುತುಹಾಕಿದ್ದು ಎಂದು ವಿಚಾರಿಸುವುದು ಅನಾವಶ್ಯಕವಲ್ಲ.

ಫ್ಲೆಚರರ ಮಾತಿಗೆ ಉತ್ತರವು, ಆ ಮಾತು ಹುಟ್ಟುವುದಕ್ಕೆ ಅರುವತ್ತು ವರ್ಷಗಳಿಗೂ ಹಿಂದೆಯೇ ಸಿದ್ಧವಾಗಿತ್ತು. ಬೆಂಗಳೂರಿನಲ್ಲಿ ನ್ಯಾಯಾಧಿಕಾರಿಯಾಗಿದ್ದ ರಾಮ್ ರಾಜ್ ಎಂಬ ವಿದ್ವಾಂಸರು ಹಿಂದೂ ವಾಸ್ತುಶಾಸ್ತ್ರವನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಪ್ರಬಂಧವು, ಅವರು ಕಾಲವಾದ ಮೇಲೆ, 1834ರಲ್ಲಿ, ಲಂಡನ್ನಿನಲ್ಲಿ ಪ್ರಕಟವಾಯಿತು. ಮಾನಸಾರವೇ ಮೊದಲಾದ ಗ್ರಂಥಗಳ ಓಲೆಗಳನ್ನು ಸಂಪಾದಿಸಿದ ಅವರಿಗೆ ಒಂದು ವಿಚಿತ್ರವಾದ ತೊಡಕು ಎದುರಾಯಿತು. ಸಂಸ್ಕೃತ ಬಲ್ಲ ಪಂಡಿತರಿಗೆ ಶಿಲ್ಪದ ಪಾರಿಭಾಷಿಕ ಪದಗಳು ತಿಳಿಯವು. ಕೆಲಸ ಬಲ್ಲ ಶಿಲ್ಪಿಗಳಿಗೆ ಸಂಸ್ಕೃತ ತಿಳಿಯದು. ಅವರು ಕಮ್ಮಟದ ಶಿಲ್ಪಿಯ ನೆರವನ್ನು ಪಡೆದು, ಗ್ರಂಥದ ಮಾತನ್ನು ದೇವಾಲಯದ ಅಧಿಷ್ಠಾನ ಸ್ತಂಭಗಳೊಡನೆ ಹೊಂದಿಸಿ ನೋಡಿ ಅರ್ಥವನ್ನು ಬಿಡಿಸಿದರು. ಲಕ್ಷಣವು ಲಕ್ಷ್ಯಕ್ಕಾಗಿ ಹುಟ್ಟಿದ್ದು ಎಂಬುದು ಆಲಂಕಾರಿಕರಿಗೆ ಬಾಲಪಾಠ. ರಘುವಂಶದಲ್ಲಿ ಚಂಪೂವಿನ ಲಕ್ಷಣವನ್ನು ಹುಡುಕಿ, ಅಲ್ಲಿ ಗದ್ಯವೇ ಇಲ್ಲವಲ್ಲಾ ಎಂದು ಕಾಳಿದಾಸನನ್ನು ನಿಂದಿಸುವವನನ್ನು ಯಾರೂ ವಿಮರ್ಶಕನೆನ್ನರು. ರಾಮ್ ರಾಜರು ಮಾಡಿದುದು ಇಷ್ಟೆ: ಗೋಪುರವನ್ನು ಗೋಪುರದ ಲಕ್ಷಣದಿಂದ ಅಳೆದರು.

ಅಚಾರಿತ್ರಿಕವೆಂಬ ಬೈಗುಳನ್ನು ಕೇಳಿ ಭಾರತದ ವಿದ್ಯಾವಂತರಿಗೆ ಕೋಪ ಬಂದುದು ಸಹಜವೇ. ಆದರೆ ಅದೇ ವಿದ್ಯಾವಂತರು ಆಫ್ರಿಕದ ಮುಖವಾಡವನ್ನೋ ಮಣ್ಣಿನ ಮಸೀದಿಯನ್ನೋ ಚಿತ್ರದಲ್ಲಿ ಕಂಡಾಗ, ಕಾಡುಜನರ ಕೈಗೆಲಸವೆಂದು ಪುಟವನ್ನು ಮಗುಚುವುದೂ ಉಂಟು. ತನ್ನ ಬೆನ್ನಿನ ಮೇಲೆ ಬಿದ್ದ ಕೋಲನ್ನೇ ಕಸಿದುಕೊಂಡು ಪಕ್ಕದವನಿಗೆ ಹೊಡೆದಂತಾಯಿತು ಇದು. ಫ್ಲೆಚರರ ದೋಷವನ್ನು ಎತ್ತಿಹೇಳುವುದಕ್ಕೆ ಅಧಿಕಾರ ಬೇಕಾದರೆ ಮೊದಲು ಈ ದೋಷದಿಂದ ಬಿಡುಗಡೆಯಾಗಬೇಕು.

ಕಟ್ಟಡವು ಬಹುಕಾಲ ಬಾಳಬೇಕು, ಕಲ್ಲು ಹಳೆಯದಾದಷ್ಟೂ ಗೌರವ ಹೆಚ್ಚು ಎಂಬುದು ಆ ಕೋಲಿನ ಮೇಲಣ ಒಂದು ಗುರುತು. ಇದನ್ನು ಜಪಾನಿನ ಈಸೆ ಎಂಬ ಕ್ಷೇತ್ರಕ್ಕೆ ಒಯ್ದು ಹಿಡಿದರೆ ಏನಾಗುವುದೆಂದು ನೋಡಬಹುದು. ಅಲ್ಲಿ ಒಳಗುಡಿಯಲ್ಲಿ ಸೂರ್ಯದೇವತೆಯಾದ ಅಮತೆರಾಸುವೂ, ಹೊರಗುಡಿಯಲ್ಲಿ ಅನ್ನದೇವತೆಯಾದ ತೊಯೌಕೆಯೂ ನೆಲಸಿದ್ದಾರೆ. ಹಿನೋಕಿ ಎಂಬ ಮರದ ಕಂಬಗಳನ್ನು ಅಡಿಗಲ್ಲಿಲ್ಲದೆ ನೆಲದಲ್ಲಿಯೇ ಹೂಳಿ, ಹುಲ್ಲು ಹೊದಿಸಿದ ಸರಳವಾದ ಗುಡಿಗಳು. ನೆಲದಲ್ಲಿ ಹೂತ ಮರ ಎಷ್ಟು ಕಾಲ ನಿಂತೀತು? ಅದನ್ನು ಬಲ್ಲವರೇ ಕಟ್ಟಿದರು. ಜಿತೋ ಎಂಬ ಮಹಾರಾಣಿಯ ಆಳಿಕೆಯಲ್ಲಿ, ಕ್ರಿ. ಶ. 690ರಲ್ಲಿ, ಮೊದಲ ಪುನರ್ನಿರ್ಮಾಣ ನಡೆಯಿತು. ಅಂದಿನಿಂದ ಇಪ್ಪತ್ತು ವರ್ಷಕ್ಕೊಮ್ಮೆ, ಪಕ್ಕದಲ್ಲಿ ಖಾಲಿ ಬಿಟ್ಟಿರುವ ಸಮಾನವಾದ ನಿವೇಶನದಲ್ಲಿ, ಅದೇ ಅಳತೆಯ ಹೊಸ ಗುಡಿಯನ್ನು ಕಟ್ಟಿ, ರಾತ್ರಿಯ ಕತ್ತಲಲ್ಲಿ ದೇವತೆಯನ್ನು ಬಿಜಯಮಾಡಿಸಿ, ಹಳೆಯದನ್ನು ಬಿಚ್ಚುತ್ತಾರೆ. 15 ಮತ್ತು 16ನೆಯ ಶತಮಾನಗಳ ಅಂತಃಕಲಹದಲ್ಲಿ ನೂರಿಪ್ಪತ್ತು ವರ್ಷಗಳಿಗೂ ಮೇಲೆ ಈ ಕಾರ್ಯ ನಿಂತುಹೋಗಿತ್ತು, ಮತ್ತೆ ಮೊದಲಾಯಿತು. 2013ರಲ್ಲಿ ನಡೆದುದು 62ನೆಯದು; ಮುಂದಿನದು 2033ಕ್ಕೆ. ಗುಡಿಯೊಂದೇ ಅಲ್ಲ, ದೇವತೆಯ ಉಡುಗೆ, ಕತ್ತಿ, ಬಿಲ್ಲು, ಕನ್ನಡಿಗಳೆಂಬ ಬೊಕ್ಕಸದ ಒಡವೆಗಳೆಲ್ಲವನ್ನೂ ಆಯಾ ಕಸಬಿನವರು ಹೊಸದಾಗಿ ಮಾಡಿ ಒಪ್ಪಿಸಬೇಕು. ಹಳೆಯ ಗುಡಿಯ ಮೊಗವೆತ್ತಿ ಹಿಡಿದ ದೊಡ್ಡ ಕಂಬಗಳು ವ್ಯರ್ಥವಾಗವು. ಕ್ಷೇತ್ರದ ಸೇತುವೆಯ ಎರಡು ತುದಿಗಳಲ್ಲಿ ತೋರಣದ್ವಾರಗಳಾಗಿ ನಿಲ್ಲುತ್ತವೆ.

ಈ ಗುಡಿ ಎಷ್ಟು ಹಳೆಯದು ಎಂದು ಕೇಳಿದರೆ 690 ಎಂದರೂ ನಿಜ, 2013 ಎಂದರೂ ನಿಜ. ನೈಯಾಯಿಕರ ದೀಪಜ್ವಾಲೆಯ ದೃಷ್ಟಾಂತ ನೆನಪಿಗೆ ಬರುವುದು. ಆದರೆ ಅದಕ್ಕಿಂತ ವೇದಪಾಠದ ದೃಷ್ಟಾಂತವೇ ಇಲ್ಲಿ ಹೆಚ್ಚು ಒಪ್ಪುವುದು. ಉಚ್ಚರಿಸಿದ ಧ್ವನಿ ಆ ಕ್ಷಣದಲ್ಲಿಯೇ ನಶಿಸುತ್ತದೆ. ಕ್ರಮವು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಇಳಿದು ನಿಲ್ಲುತ್ತದೆ. ಹಾಗೆಯೇ ಇಪ್ಪತ್ತನೆಯ ವಯಸ್ಸಿನಲ್ಲಿ ಹಿರಿಯರ ಕೈಕೆಳಗೆ ಉಳಿ ಹಿಡಿದ ಬಡಗಿಯು ನಾಲ್ವತ್ತರಲ್ಲಿ ತಾನೇ ಮುಂದೆ ನಿಂತು ಮಾಡುತ್ತಾನೆ, ಅರುವತ್ತರಲ್ಲಿ ಕುಳಿತು ತಿದ್ದುತ್ತಾನೆ. ಅಲ್ಲಿ ಕಾಪಾಡಲ್ಪಡುವುದು ಮರವಲ್ಲ, ಕೈ. ಜೀರ್ಣೋದ್ಧಾರ, ಬಾಲಾಲಯ, ಪುನಃಪ್ರತಿಷ್ಠೆಗಳನ್ನು ಕಂಡಿರುವ ಕನ್ನಡ ನಾಡಿನ ಆಸ್ತಿಕರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಅದೇ ಜಪಾನಿನಲ್ಲಿ ಹೋರ್ಯೂಜಿ ಎಂಬ ಬೌದ್ಧವಿಹಾರದಲ್ಲಿ ಸಾವಿರದ ಮುನ್ನೂರು ವರ್ಷಗಳಷ್ಟು ಹಿಂದಿನ ಮರವೇ ನಿಂತಿದೆಯೆಂಬುದನ್ನೂ ಮರೆಯಬಾರದು. ಒಂದೇ ಜನ ಎರಡು ಬಗೆಯ ಶಾಶ್ವತವನ್ನು ಬಲ್ಲರು. 1933ರಲ್ಲಿ ಜಪಾನಿಗೆ ಬಂದ ಜರ್ಮನ್ ವಾಸ್ತುಶಿಲ್ಪಿ ಬ್ರೂನೋ ಟೌಟ್ ಈಸೆಯನ್ನು ಮನಸಾರೆ ಹೊಗಳಿದರು. ಹೊಗಳುವುದಕ್ಕೆ ಅವರಿಗೆ ಸಿಕ್ಕ ಉಪಮಾನವು ಗ್ರೀಸಿನ ಪಾರ್ಥೆನಾನ್. ಉಪಮೆಯಲ್ಲಿ ಉಪಮಾನವೇ ಅಧಿಕವೆಂಬುದು ಶಾಸ್ತ್ರ. ಬೈದವರ ಕೋಲೂ ಹೊಗಳಿದವರ ಕೋಲೂ ಒಂದೇ ಮರದ್ದು. ಪುರಾತನತೆಯ ನೈಜತ್ವವನ್ನು ಆಯಾ ಸಂಸ್ಕೃತಿಯ ಒಳಗಿನಿಂದಲೇ ನಿಶ್ಚಯಿಸಬೇಕೆಂದು ನಾನಾ ದೇಶಗಳ ಪರಿಣತರು ಒಪ್ಪಿ ಬರೆದುಕೊಂಡುದು 1994ರಲ್ಲಿ, ಜಪಾನಿನದೇ ಆದ ನಾರಾ ನಗರದಲ್ಲಿ.

ಈಸೆಯಲ್ಲಿ ಇಪ್ಪತ್ತು ವರ್ಷಕ್ಕೊಮ್ಮೆ ನಡೆಯುವುದು ಪಶ್ಚಿಮ ಆಫ್ರಿಕದ ಮಾಲಿ ದೇಶದ ಜೆನ್ನೆ ಪಟ್ಟಣದಲ್ಲಿ ವರ್ಷವರ್ಷವೂ ನಡೆಯುತ್ತದೆ. ಅಲ್ಲಿನ ಮಹಾಮಸೀದಿಯು ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆಯದು, ಮೇಲೆ ಮೆತ್ತಿದ್ದೂ ಮಣ್ಣು. ಮಳೆಗೆ ಕರಗುವ ಈ ಗೋಡೆಗೆ ಊರಿನವರೆಲ್ಲ ಸೇರಿ ಹಬ್ಬದಂತೆ ಮಣ್ಣು ಮೆತ್ತುತ್ತಾರೆ. ತರುಣರು ಬುಟ್ಟಿಗಳಲ್ಲಿ ಕೆಸರನ್ನು ಹೊತ್ತು ಓಡುವರು. ಕಸಬಿನ ಸಂಘದ ಹಿರಿಯರು ನಿಂತು ನಡೆಸುವರು. ಗೋಡೆಯಿಂದ ಹೊರಕ್ಕೆ ಸಾಲಾಗಿ ಚಾಚಿರುವ ತಾಳೆಮರದ ತುಂಡುಗಳನ್ನು ಚಿತ್ರದಲ್ಲಿ ಕಂಡವರು ಇದೇನು ಮುಳ್ಳಿನ ಅಲಂಕಾರವೆಂದುಕೊಳ್ಳುವರು. ಅವು ಅಲಂಕಾರವೂ ಹೌದು. ಮಣ್ಣು ಮೆತ್ತುವವರು ಹತ್ತಿ ನಿಲ್ಲುವ ಸಾರುವೆಯೂ ಹೌದು. ಅಲಂಕಾರವು ರಚನೆಯನ್ನು ಮೀರಿತೆಂಬ ಫ್ಲೆಚರರ ಆಕ್ಷೇಪಕ್ಕೆ ಈ ತಾಳೆಯ ತುಂಡುಗಳಿಗಿಂತ ಬೇರೆ ಸಮಾಧಾನ ಬೇಕೆ? ಈ ಪದ್ಧತಿಯಲ್ಲಿ ಕೇಡೇ ಇಲ್ಲವೆಂದಲ್ಲ. ಸಾಲದುದಕ್ಕೆ 2009ರ ನವೆಂಬರಿನಲ್ಲಿ ಸುರಿದ ಭಾರಿ ಮಳೆಗೆ ಒಂದು ಗೋಪುರದ ಮೇಲ್ಭಾಗ ಕುಸಿದುಬಿತ್ತು. ಮತ್ತೆ ಕಟ್ಟಿದರು. ಬಿದ್ದುದನ್ನು ಕಟ್ಟುವುದು ಆ ಊರಿಗೆ ಹೊಸದಲ್ಲ.

ಇಂದಿನ ಮಸೀದಿ ಎದ್ದುದು 1907ರಲ್ಲಿ, ಫ್ರೆಂಚರ ಆಳಿಕೆಯಲ್ಲಿ. ಇದನ್ನೇ ಹಿಡಿದು, ಇದು ಫ್ರೆಂಚರ ಕಲ್ಪನೆಯೆಂದು ಬರೆದವರುಂಟು. ಕಟ್ಟಿಸಿದವರು ಇಸ್ಮಾಯಿಲಾ ತ್ರಾವೋರೆ ಎಂಬ ಮುಖ್ಯಸ್ಥನ ಕೈಕೆಳಗಿನ ಜೆನ್ನೆಯ ಕಸಬುದಾರರೇ ಎಂಬುದು ಆಮೇಲೆ ವಿಚಾರಮಾಡಿದವರ ತೀರ್ಮಾನ. ಇಲ್ಲಿಗೆ ಆ ಕೋಲಿನ ಇನ್ನೊಂದು ಗುರುತು ಕಾಣುತ್ತದೆ: ವಸ್ತು ಚೆನ್ನಾಗಿದ್ದರೆ ಅದನ್ನು ಮಾಡಿದವನು ಆಫ್ರಿಕದವನಾಗಿರಲಾರನು.

ದಕ್ಷಿಣ ಆಫ್ರಿಕಾಖಂಡದ ಮಹಾಜಿಂಬಾಬ್ವೆಯ ಕಥೆ ಇದರ ಪರಮಾವಧಿ. 11ನೆಯ ಶತಮಾನದಿಂದ 15ನೆಯ ಶತಮಾನದವರೆಗೆ ಅಲ್ಲಿ ಶೋನ ಜನರ ಪೂರ್ವಿಕರು ಕಗ್ಗಲ್ಲಿನ ತುಂಡುಗಳನ್ನು ಗಾರೆಯಿಲ್ಲದೆ ಅಡಕಿ ಕಟ್ಟಿದ ಪ್ರಾಕಾರಗಳಿವೆ. ದೊಡ್ಡ ಆವರಣದ ಹೊರಗೋಡೆಯ ಸುತ್ತಳತೆ ಸುಮಾರು 820 ಅಡಿ. ಎತ್ತರವು ಕೆಲವೆಡೆ 36 ಅಡಿಗೆ ಮುಟ್ಟುತ್ತದೆ. ಮೂಲೆಯೆಂಬುದೇ ಇಲ್ಲದೆ ಬಳುಕಿಕೊಂಡು ಹೋಗುತ್ತದೆ. 1871ರಲ್ಲಿ ಅಲ್ಲಿಗೆ ಬಂದ ಕಾರ್ಲ್ ಮೌಖ್ ಎಂಬ ಜರ್ಮನ್ ಸಂಚಾರಿಯು ಬಾಗಿಲ ಮೇಲಣ ತೊಲೆಯ ಚೂರೊಂದನ್ನು ಸೀಳಿ ತನ್ನ ಪೆನ್ಸಿಲಿನ ಮರದೊಡನೆ ಹೋಲಿಸಿ ನೋಡಿದನು. ವಾಸನೆಯೂ ಬಣ್ಣವೂ ಒಂದೇ ಎನ್ನಿಸಿತು. ಹಾಗಾದರೆ ಇದು ಲೆಬನಾನಿನ ದೇವದಾರು, ತಂದವರು ಫಿನೀಷಿಯದವರು, ಇದು ಶೀಬಾ ರಾಣಿಯ ಅರಮನೆಯೆಂದು ನಿಶ್ಚಯಿಸಿದನು! ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಅನುಮಾನ. ಪೆನ್ಸಿಲನ್ನು ಕಂಡು ರಾಣಿಯನ್ನು ಊಹಿಸುವುದಕ್ಕೆ ತರ್ಕಶಾಸ್ತ್ರದಲ್ಲಿ ಹೆಸರಿಲ್ಲ. 1905ರಲ್ಲಿ ರ‍್ಯಾಂಡಲ್ ಮೆಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಮ್ಸನ್ ಎಂಬ ವಿದುಷಿ, ಇಬ್ಬರೂ ನೆಲವನ್ನು ಅಗೆದು ನೋಡಿ, ಇದು ಆಫ್ರಿಕದವರ ಕೆಲಸವೇ ಎಂದು ಸಾಧಿಸಿದರು. ಆದರೂ ಬಿಳಿಯರ ಸರ್ಕಾರಕ್ಕೆ ಆ ಸತ್ಯ ಬೇಕಾಗಿರಲಿಲ್ಲ. ಸತ್ಯವನ್ನು ಬರೆದ ಪೀಟರ್ ಗಾರ್ಲೇಕ್ ಎಂಬ ಪ್ರಾಚ್ಯವಸ್ತುಶೋಧಕರು 1970ರಲ್ಲಿ ದೇಶವನ್ನೇ ಬಿಡಬೇಕಾಯಿತು. 1980ರಲ್ಲಿ ಆ ನಾಡು ಸ್ವತಂತ್ರವಾದಾಗ ಈ ಕಲ್ಲಿನ ಮನೆಯ ಹೆಸರನ್ನೇ ತಾನು ಇಟ್ಟುಕೊಂಡಿತು. ಶಿಲ್ಪವಿಮರ್ಶೆಯು ವಿನೋದದ ಹರಟೆಯಲ್ಲ, ಒಂದು ನಾಡಿನ ಹಕ್ಕುಬಾಧ್ಯತೆಗಳು ಅದರಲ್ಲಿ ಸೇರಿವೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನೈಜೀರಿಯದ ಇಫೆ ಎಂಬ ಪುರಾತನ ನಗರದಲ್ಲಿಯೂ ಇದೇ ಆಯಿತು. 1910ರಲ್ಲಿ ಅಲ್ಲಿನ ಶಾಂತಗಂಭೀರವಾದ ಲೋಹದ ಮುಖವೊಂದನ್ನು ಕಂಡ ಫ್ರೊಬೀನಿಯಸ್ ಎಂಬ ವಿದ್ವಾಂಸನು, ಇದು ಸಮುದ್ರದಲ್ಲಿ ಮುಳುಗಿಹೋದ ಅಟ್ಲಾಂಟಿಸ್ ದ್ವೀಪದವರ ಕುರುಹೆಂದು ಸಾರಿದನು. 1938ರಲ್ಲಿ ಅದೇ ಊರಿನಲ್ಲಿ ಮನೆಯೊಂದಕ್ಕೆ ತಳಪಾಯ ತೆಗೆಯುವಾಗ ಅಂಥ ಹಲವು ತಲೆಗಳು ಒಟ್ಟಿಗೇ ಸಿಕ್ಕಿದುವು. ಅಟ್ಲಾಂಟಿಸ್ ಮತ್ತೆ ಮುಳುಗಿತು.

ಇಫೆಗೆ ದೂರವಲ್ಲದ ಬೆನಿನ್ ರಾಜ್ಯದ ಎರಕದ ಕೆಲಸವನ್ನು ಸ್ವಲ್ಪ ನಿಂತು ನೋಡಬೇಕಾಗಿದೆ. ಜನರು ಅದನ್ನು ಕಂಚೆನ್ನುವರು, ಬಹುಪಾಲು ಹಿತ್ತಾಳೆ. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೇನೆ ಬೆನಿನ್ ನಗರವನ್ನು ಹಿಡಿದು, ಅರಸನನ್ನು ಗಡೀಪಾರುಮಾಡಿ, ಅರಮನೆಯಲ್ಲಿದ್ದ ಸಾವಿರಾರು ಶಿಲ್ಪಗಳನ್ನು ಹೊತ್ತುಕೊಂಡು ಹೋಯಿತು. ಲೂಟಿಯ ಮಾಲು ಲಂಡನ್ನಿನಲ್ಲಿ ಮಾರಾಟವಾಗಿ ಯೂರೋಪಿನ ವಸ್ತುಸಂಗ್ರಹಾಲಯಗಳಿಗೆ ಹಂಚಿಹೋಯಿತು. ಬರ್ಲಿನ್ನಿನ ಫಾನ್ ಲೂಷಾನ್ ಎಂಬ ಪಂಡಿತರು ಇವನ್ನು ಪರೀಕ್ಷಿಸಿ, ಇಟಲಿಯ ಚೆಲ್ಲಿನಿಯೂ ಇದಕ್ಕಿಂತ ಚೆನ್ನಾಗಿ ಎರಕ ಹೊಯ್ಯಲಾರನಾಗಿದ್ದನೆಂದು ತೀರ್ಪು ಕೊಟ್ಟರು. ಉದಾರವಾದ ಮಾತು, ಪ್ರಾಮಾಣಿಕವಾದ ಮಾತು. ಆದರೆ ಇಲ್ಲಿಯೂ ಉಪಮಾನ ಮತ್ತೆ ಯೂರೋಪಿನದೇ.

ಎರಕದ ಕ್ರಮ ಹೀಗೆ. ಒಳಗೆ ಮಣ್ಣಿನ ತಿರುಳು. ಅದರ ಮೇಲೆ ತೆಳುವಾಗಿ ಮೇಣ ಹೊದಿಸಿ, ಮೇಣದಲ್ಲಿಯೇ ಕಣ್ಣು ಮೂಗು ಹಾರಗಳನ್ನು ತಿದ್ದುವರು. ಹೊರಗೆ ಮತ್ತೆ ಮಣ್ಣು ಮೆತ್ತುವರು. ಕಾಯಿಸಿದರೆ ಮೇಣ ಹರಿದುಹೋಗುವುದು. ಅದು ಬಿಟ್ಟ ಜಾಗಕ್ಕೆ ಕರಗಿಸಿದ ಲೋಹ ಇಳಿಯುವುದು. ಸಂಸ್ಕೃತದಲ್ಲಿ ಇದು ಮಧೂಚ್ಛಿಷ್ಟ ವಿಧಾನ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ ಅಭಿಲಷಿತಾರ್ಥಚಿಂತಾಮಣಿಯಲ್ಲಿ, ಎಂದರೆ ಮಾನಸೋಲ್ಲಾಸದಲ್ಲಿ, ಇದರ ವಿವರವಿದೆ: ಮಣ್ಣಿಗೆ ಸುಟ್ಟ ಹೊಟ್ಟು, ಹತ್ತಿಯ ಚೂರು, ಉಪ್ಪು ಬೆರೆಸಿ ನುಣ್ಣಗೆ ಅರೆಯುವುದು, ಮೂರು ಸಲ ಲೇಪಿಸುವುದು, ಮೇಣದ ತೂಕವನ್ನು ಹಿಡಿದು ಲೋಹದ ತೂಕವನ್ನು ಗೊತ್ತುಮಾಡುವುದು. ದಕ್ಷಿಣದೇಶದ ಉತ್ಸವಮೂರ್ತಿಗಳು ಸಾಮಾನ್ಯವಾಗಿ ಘನ. ಬೆನಿನ್ನಿನ ತಲೆಗಳು ಸುಷಿರ. ಒಳಗೆ ಟೊಳ್ಳಾಗಿ, ಗೋಡೆ ತೆಳುವಾಗಿ ಹೊಯ್ಯುವುದು ಹೆಚ್ಚು ಕಷ್ಟದ ಕೆಲಸವೆಂಬುದನ್ನು ಎರಕದವರೆಲ್ಲ ಒಪ್ಪುವರು.

ಇಷ್ಟು ಓದಿದೊಡನೆ ಕೆಲವು ಅಭಿಮಾನಿಗಳ ಮನಸ್ಸು ಚಿಗುರಬಹುದು: ವಿದ್ಯೆಯು ಇಲ್ಲಿಂದಲೇ ಅಲ್ಲಿಗೆ ಹೋಯಿತೆನ್ನಬಾರದೇಕೆ? ಫ್ರೊಬೀನಿಯಸನು ಅಟ್ಲಾಂಟಿಸ್ ಎಂದ ಕಡೆ ಕಲ್ಯಾಣವೆಂದು ಬರೆದರೆ ತಪ್ಪು ತಪ್ಪಾಗಿಯೇ ಉಳಿಯುವುದು. ನೈಜೀರಿಯದ ಇಗ್ಬೋ ಉಕ್ವು ಎಂಬಲ್ಲಿ ದೊರೆತ ಎರಕದ ಪಾತ್ರೆಗಳು, ನಡುವೆ ಸುಳಿ ಸುತ್ತಿದ ಶಂಖಗಳು, 9ನೆಯ ಶತಮಾನದ ಸುಮಾರಿನವೆಂದು ಕಾಲನಿರ್ಣಯವಾಗಿದೆ. ಸೋಮೇಶ್ವರನು ಹುಟ್ಟುವುದಕ್ಕೆ ಇನ್ನೂ ಎರಡು ಶತಮಾನ ಕಳೆಯಬೇಕಾಗಿತ್ತು. ಲೋಹ ಮಾತ್ರ ಹೊರಗಿನಿಂದ ಬಂದುದುಂಟು. ಪೋರ್ಚುಗೀಸ್ ವರ್ತಕರು ತಂದ ಕಡಗದಾಕಾರದ ಹಿತ್ತಾಳೆಯನ್ನು ಬೆನಿನ್ನಿನವರು ಕರಗಿಸಿ ಬಳಸಿದರು. ಅದರ ಗಣಿ ಜರ್ಮನಿಯ ರೈನ್ ಸೀಮೆಯಲ್ಲಿತ್ತೆಂದು 2023ರಲ್ಲಿ ಪ್ರಕಟವಾದ ರಸಾಯನಪರೀಕ್ಷೆ ತಿಳಿಸಿದೆ. ಲೂಷಾನರು ಬರ್ಲಿನ್ನಿನಲ್ಲಿ ಕುಳಿತು ಮೆಚ್ಚಿದುದು ಆಫ್ರಿಕಕ್ಕೆ ಹೋಗಿ ಬಂದ ಜರ್ಮನಿಯ ಲೋಹವನ್ನೇ!

ಆದರೆ ಎರಕದ ಜಾಣ್ಮೆಯಲ್ಲಿಯೇ ವಿಮರ್ಶೆ ಮುಗಿಯಕೂಡದು. ಯಾವ ಶಾಸ್ತ್ರಕ್ಕಾದರೂ ವಿಷಯವಿದ್ದಂತೆ ಪ್ರಯೋಜನವೂ ಇರಬೇಕು, ಅಧಿಕಾರಿಯೂ ಇರಬೇಕು. ಬೆನಿನ್ನಿನ ಅರಸರ ಹಿತ್ತಾಳೆಯ ತಲೆಗಳ ನೆತ್ತಿಯಲ್ಲಿ ದೊಡ್ಡದೊಂದು ರಂಧ್ರವಿರುತ್ತದೆ. ಗಾಜಿನ ಬೀರುವಿನಲ್ಲಿ ಕಂಡವರಿಗೆ ಅದು ಮುರಿದ ಗುರುತಿನಂತೆ ತೋರೀತು. ನಿಜವಾಗಿ ಅದು ಕೆತ್ತನೆಯ ಆನೆಯ ದಂತವೊಂದನ್ನು ನಿಲ್ಲಿಸುವ ಸ್ಥಾನ. ತೀರಿಹೋದ ಅರಸನಿಗೆ ಅವನ ಮಗ ಕಟ್ಟಿಸಿದ ಪಿತೃವೇದಿಕೆಯ ಮೇಲೆ ತಲೆ, ತಲೆಯ ಮೇಲೆ ದಂತ, ದಂತದ ಮೇಲೆ ವಂಶದ ಕಥೆ. ಲೂಟಿಯಲ್ಲಿ ದಂತ ಒಬ್ಬರ ಕೈಗೆ, ತಲೆ ಇನ್ನೊಬ್ಬರ ಕೈಗೆ ಸೇರಿ, ಒಂದು ವಾಕ್ಯದ ಕರ್ತೃಪದ ಒಂದು ಊರಿನಲ್ಲಿಯೂ ಕ್ರಿಯಾಪದ ಇನ್ನೊಂದು ಊರಿನಲ್ಲಿಯೂ ಬಿದ್ದಂತಾಯಿತು. ಉತ್ಸವಮೂರ್ತಿಯ ಪೀಠದಲ್ಲಿ ಹೊರುವ ದಂಡ ಸಿಕ್ಕಿಸುವ ತೂತುಗಳಿರುವುದನ್ನು ಬಲ್ಲವರಿಗೆ, ಪರದೇಶದ ಬೀರುವಿನಲ್ಲಿ ನಿಂತ ಚೋಳರ ಕಾಲದ ಮೂರ್ತಿಯ ಮೌನವೂ ತಿಳಿಯುತ್ತದೆ. ಜರ್ಮನಿಯು 2022ರಲ್ಲಿ ತನ್ನಲ್ಲಿದ್ದ ಬೆನಿನ್ ಶಿಲ್ಪಗಳ ಒಡೆತನವನ್ನು ನೈಜೀರಿಯಕ್ಕೆ ಬಿಟ್ಟುಕೊಟ್ಟು ಕೆಲವನ್ನು ಕಳುಹಿಸಿತು; ನೆದರ್ಲೆಂಡ್ಸ್ 2025ರಲ್ಲಿ 119 ವಸ್ತುಗಳನ್ನು ಹಿಂದಿರುಗಿಸಿತು. ಬೆನಿನ್ ನಗರದ ಇಗುನ್ ಬೀದಿಯಲ್ಲಿ ಎರಕದವರ ವಂಶಗಳು ಇಂದಿಗೂ ಕುಲಕಸಬನ್ನು ನಡೆಸುತ್ತಿವೆ.

ಪ್ರಯೋಜನದಿಂದಲೇ ಶಿಲ್ಪವನ್ನು ತಿಳಿಯಬೇಕು, ಬೀರುವಿಗಾಗಿ ಯಾರೂ ಮೂರ್ತಿಯನ್ನು ಮಾಡಲಿಲ್ಲವೆಂದು ಬಲವಾಗಿ ವಾದಿಸಿದವರು ಆನಂದ ಕುಮಾರಸ್ವಾಮಿಗಳು. 1917ರಿಂದ ಬೋಸ್ಟನ್ನಿನ ಕಲಾಸಂಗ್ರಹಾಲಯದಲ್ಲಿದ್ದು, ಬೀರುಗಳ ನಡುವೆಯೇ ಕುಳಿತು ಬೀರುವಿಗೆ ವಿರುದ್ಧವಾಗಿ ಬರೆದ ಧೀರರು. ಪೂರ್ವದೇಶಗಳ ಶಿಲ್ಪವು ಅವರಿಗೆ ಎಷ್ಟು ಋಣಿಯಾಗಿದ್ದರೂ ಸಾಲದು. ಆದರೆ ಅವರ ಒಂದು ಮಾತನ್ನು ಇಂದಿನ ಪರಿಚಯಗ್ರಂಥಗಳು ಅತಿಯಾಗಿ ನುಂಗಿವೆ: ಸಂಪ್ರದಾಯದ ಶಿಲ್ಪಿಗೆ ಹೆಸರಿಲ್ಲ, ಹೆಸರಿನ ಹಂಬಲವೂ ಇಲ್ಲ ಎಂಬುದು. ಬೇಲೂರಿಗೆ ಹೋದವರು ಈ ಮಾತನ್ನು ಹೇಗೆ ನಂಬುವರು? ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇವರು ಮದನಿಕೆಯರ ಪೀಠದಲ್ಲಿ ಹೆಸರನ್ನು ಕೊರೆದಿದ್ದಾರೆ. ಹೆಸರಿನೊಡನೆ ಪ್ರತಿಸ್ಪರ್ಧಿಗಳನ್ನು ಕೆಣಕುವ ಬಿರುದುಗಳೂ ಉಂಟು. ಮಲ್ಲಿತಮ್ಮನ ಹೆಸರು ಒಂದಲ್ಲ ಹಲವು ಹೊಯ್ಸಳ ದೇವಾಲಯಗಳಲ್ಲಿ ಸಿಗುತ್ತದೆ. ಸಂಪ್ರದಾಯದಲ್ಲಿದ್ದುಕೊಂಡೇ ತನ್ನತನವನ್ನು ಮೆರೆದವರು ಇವರು. ವಿನಯವೆಂದು ಹೊಗಳಿ ಹೆಸರನ್ನು ಅಳಿಸಿದರೂ, ಅಸಾಮರ್ಥ್ಯವೆಂದು ಹಳಿದು ಅಳಿಸಿದರೂ, ಅಳಿಸಿಹೋದವನಿಗೆ ಫಲ ಒಂದೇ.

ಆಫ್ರಿಕದಲ್ಲಿಯೂ ಹಾಗೆಯೇ. ನೈಜೀರಿಯದ ಯೊರುಬ ನಾಡಿನಲ್ಲಿ ಓಲೊವೆ ಎಂಬ ಮರದ ಶಿಲ್ಪಿಯಿದ್ದನು, 1938ರಲ್ಲಿ ತೀರಿಕೊಂಡನು. ಇಕೆರೆಯ ಅರಸನ ಅರಮನೆಗೆ ಅವನು ಕೆತ್ತಿಕೊಟ್ಟ ಜೋಡಿಬಾಗಿಲಿನಲ್ಲಿ ಬಿಳಿಯ ಅಧಿಕಾರಿಯು ಹೊರೆಯಾಳುಗಳ ಮೇಲೆ ಕುಳಿತು ಬರುತ್ತಾನೆ. ಅರಸನು ಸಿಂಹಾಸನದ ಮೇಲೆ ಕದಲದೆ ಕುಳಿತಿದ್ದಾನೆ. ಯಾರ ಘನತೆ ಹೆಚ್ಚೆಂಬುದನ್ನು ನೋಡಿದವರೇ ಹೇಳಬಹುದು. ಮನುಷ್ಯರೂಪಗಳು ಹಲಗೆಯಿಂದ ಹೊರಕ್ಕೆ ಬಾಗಿ, ಅರ್ಧ ಕೆತ್ತನೆಯೋ ಪೂರ್ಣ ಮೂರ್ತಿಯೋ ಎಂಬಂತೆ ನಿಂತಿವೆ; ಇದು ಅವನ ಕೈಯ ಗುರುತೆಂದು ಆ ಸೀಮೆಯವರೆಲ್ಲ ಬಲ್ಲರು. 1924ರಲ್ಲಿ ಲಂಡನ್ನಿನ ವೆಂಬ್ಲಿ ಪ್ರದರ್ಶನದಲ್ಲಿ ಈ ಬಾಗಿಲನ್ನಿಟ್ಟಿದ್ದರು. ಬ್ರಿಟಿಷ್ ಮ್ಯೂಸಿಯಮ್ಮಿನವರು ಅದನ್ನು ಕೇಳಿದರು. ಅರಸನು ಹಣಕ್ಕೆ ಬದಲಾಗಿ ಇಂಗ್ಲೆಂಡಿನಲ್ಲಿ ಮಾಡಿದ ಒಂದು ಸಿಂಹಾಸನವನ್ನು ಪಡೆದನು. ಬಾಗಿಲು ಲಂಡನ್ನಿನಲ್ಲಿ ಉಳಿಯಿತು. ಶಿಲ್ಪಿಯ ಹೆಸರು ಉಳಿದುದು ಬೇರೆ ಕಡೆ, ಬೇರೆ ರೀತಿಯಲ್ಲಿ. ಯೊರುಬ ಜನರಲ್ಲಿ ಹಿರಿಯರನ್ನು ಹೊಗಳಿ ಹಾಡುವ ಒರಿಕಿ ಎಂಬ ಪದ್ಧತಿಯುಂಟು. ಓಲೊವೆ ಸತ್ತು ಐವತ್ತು ವರ್ಷಗಳಾದ ಮೇಲೆ, 1988ರಲ್ಲಿ, ಅವನ ನಾಲ್ಕನೆಯ ಹೆಂಡತಿ ಓಲೊಜು ಇಫುನ್ ಎಂಬ ಮುದುಕಿಯು ಗಂಡನ ಒರಿಕಿಯನ್ನು ಹಾಡಿದಳು. ವಿದ್ವಾಂಸರು ಅದನ್ನು ಬರೆದುಕೊಂಡರು.